ಬಿಸಿಯಾಗದ ಕಾಲುಚೀಲ

೫ ಡಿಸೆಂಬರ್ ೨೦೦೨, ಗುರುವಾರ

ಅಮಾಸೆಯ ಮರುದಿನ. ಇಳಿತ ಬೆಳಿಗ್ಗೆ ಆರಕ್ಕೆ.

ಮೀನುಗಾರರ ಸೊಸೈಟಿಯವರು ಕೊಟ್ಟ ಈ ಡೈರಿಯಲ್ಲಿ ಹೊಳೆನೀರಿನ ಇಳಿತದ ಹೊತ್ತು ಬಿಟ್ಟು ನಾನು ಬೇರೇನೂ ಬರೆದವನಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅದೇ ಹೆಚ್ಚು. ಇವತ್ತು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ತಲೆ ಒಡೆಯುತ್ತದೆ.

ನನ್ನ ಹೆಂಡತಿ ನಾಗಿ ಕುಮಟೆಯ ಮೀನುಪೇಟೆಯಿಂದ ಹೊತ್ತಿಗೆ ಮುಂಚೆಯೇ ವಾಪಸು ಬಂದಳು. ಬುಟ್ಟಿಯಲ್ಲಿ ಬಳಚು, ಹೊಳೆಯ ಚಿಪ್ಪುಮೀನು, ಅರ್ಧಕ್ಕರ್ಧ ಹಾಗೇ ಇತ್ತು. ಅಂಗಳದಲ್ಲಿ ಸುರಿದಳು. ಒಂದೊಂದೇ ಚಿಪ್ಪನ್ನು ಕಲ್ಲಿಗೆ ಕುಟ್ಟಿ ಒಡೆದು ತೋರಿಸಿದಳು.

“ನೋಡಿ ನಿಮ್ಮ ಕಸುಬು. ಇದು ಮಣ್ಣು. ಇದೂ ಮಣ್ಣು. ಆ ಗಿರಾಕಿ ಬಾಯಮ್ಮ ನನ್ನ ಮುಖಕ್ಕೇ ಹಿಡಿದ್ಲು, ‘ಹೊಳೆ ಕೆಸರು ಮಾರೂಕೆ ಬಂದ್ಯೇನೆ’ ಅಂತ. ನಾ ಎಂತ ಹೇಳೂದು?”

“ಬಾಯಿ ಮುಚ್ಚೆ” ಅಂದೆ. ಬೇರೆ ಏನು ಹೇಳಲಿ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಅಘನಾಶಿನಿ ಹೊಳೆಯಲ್ಲಿ ನಲವತ್ತೆಂಟು ವರ್ಷದಿಂದ ಬಳಚು ತೆಗೆಯುತ್ತಿದ್ದೇನೆ. ಎದೆಮಟ್ಟ ನೀರಿನಲ್ಲಿ ನಿಂತು, ಹೆಬ್ಬೆರಳಿನಿಂದ ಕೆಸರು ತಡಕಿ, ಎರಡು ಬೆರಳ ನಡುವೆ ಹಿಡಿದು ಮೇಲೆತ್ತುವುದು. ಇದು ಕೈಯ ಕೆಲಸ ಅಲ್ಲ, ಕಾಲಿನದು. ಬಳಚು ಸತ್ತರೆ ಎಷ್ಟೋ ಸಲ ಚಿಪ್ಪು ಮುಚ್ಚಿಕೊಂಡೇ ಇರುತ್ತದೆ, ಒಳಗೆ ಕೆಸರು ತುಂಬಿರುತ್ತದೆ. ಅಂಥದ್ದೊಂದು ಪಾತ್ರೆಗೆ ಬಿದ್ದರೆ ಇಡೀ ಸಾರು ಹೊಳೆಗೆ ಚೆಲ್ಲಬೇಕು. ಜೀವ ಇದ್ದದ್ದು ಬೆರಳು ತಾಗಿದ ಕೂಡಲೇ ಎಳ್ಳಷ್ಟು ಕೆಳಕ್ಕೆ ಜಗ್ಗುತ್ತದೆ. ಸತ್ತದ್ದು ಕಲ್ಲಿನ ಹಾಗೆ ಬಿದ್ದಿರುತ್ತದೆ. ಆ ಎಳ್ಳಷ್ಟನ್ನು ನನ್ನ ಹೆಬ್ಬೆರಳು ಎಂದೂ ತಪ್ಪಿಸಿದ್ದಿಲ್ಲ. ಈ ಬೀರನ ಬುಟ್ಟಿ ಎಂದರೆ ಪೇಟೆಯಲ್ಲಿ ಯಾರೂ ಆರಿಸುತ್ತಿರಲಿಲ್ಲ, ಹಾಗೇ ಸುರಿಸಿಕೊಳ್ಳುತ್ತಿದ್ದರು.

ಎರಡು ವರ್ಷದಿಂದ ಕಾಲು ತಣ್ಣಗೆ. ಈ ವರ್ಷವಂತೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಚಳಿಗೆ ಮರಗಟ್ಟಿದೆ, ಅಷ್ಟೆ. ಬೆಚ್ಚಗಾದರೆ ಸರಿಯಾಗುತ್ತದೆ. ಚಳಿ. ಬೇರೆ ಎಂತದೂ ಅಲ್ಲ.

೮ ಡಿಸೆಂಬರ್, ರವಿವಾರ

ಅಣ್ಣಪ್ಪ ನನ್ನ ದೋಣಿಯ ಜೊತೆಗಾರ. ನನಗಿಂತ ಹನ್ನೆರಡು ವರ್ಷ ಸಣ್ಣವನು, ನಾಲಗೆ ಮಾತ್ರ ನನಗಿಂತ ಉದ್ದ. ದಕ್ಕೆಯಲ್ಲಿ ಹತ್ತು ಜನರ ಎದುರಿಗೆ ಕೇಳಿದ:

“ಬೀರಣ್ಣ, ಬರೂ ವರ್ಷ ಹೆಂಚಿನ ಕಾರ್ಖಾನೆಗೆ ಮಣ್ಣು ಕೊಡೂ ಗುತ್ತಿಗೆ ಹಿಡೂವಾ?”

ಹುಟ್ಟು ಎತ್ತಿ ಹೊಡೆಯಲು ಹೋದೆ. ತಪ್ಪಿಸಿಕೊಂಡು ನಕ್ಕ. ಆಮೇಲೆ ಇಬ್ಬರೇ ಇದ್ದಾಗ ಮೆತ್ತಗೆ ಹೇಳಿದ. ಭಟ್ಕಳದಲ್ಲಿ ಫಾರಿನ್ ಸಾಮಾನಿನ ಅಂಗಡಿಯೊಂದರಲ್ಲಿ ಟಾರ್ಚಿಗೆ ಹಾಕುವಂಥ ಶೆಲ್ಲಿನಿಂದ ಬಿಸಿಯಾಗುವ ಕಾಲುಚೀಲ ಬಂದಿದೆಯಂತೆ. ಅಲ್ಲೇ ಹತ್ತಿರ ಜಾಲಿ ಎಂಬ ಊರಲ್ಲಿರುವ ಅವನ ಭಾವ ಕಣ್ಣಾರೆ ನೋಡಿದ್ದಾನೆ. ಬದರಿಯಾತ್ರೆಗೆ ಹೋಗುವವರು ತೆಗೆದುಕೊಂಡು ಹೋಗುತ್ತಾರಂತೆ.

“ಸ್ವಿಚ್ ಒತ್ತಿದ್ರೆ ಒಲೆದಂಡೆ ಮೇಲೆ ಕಾಲಿಟ್ಟಂಗೆ ಆಗ್ತದಂತೆ. ದೋಣಿಲಿ ಹೋಗೂವಾಗ ಹಾಕ್ಕಣಿ. ಬಳಚಿನ ಜಾಗ ಬಂದ ಮೇಲೆ ತೆಗೆದಿಟ್ಟು ನೀರಿಗಿಳೀರಿ. ಕಾಲಿಗೆ ಜೀವ ಬತ್ತದೆ.”

ಮಾತು ಸರಿ ಅನ್ನಿಸಿತು. ಮನೆಯಲ್ಲಿ ಹೇಳಿದರೆ ನಾಗಿಯದು ಬೇರೆಯೇ ರಾಗ. “ಮೊದ್ಲು ಆಸ್ಪತ್ರೆಗೆ ತೋರ್ಸಿ. ಎರಡ್ ವರ್ಷ ಆತು, ಚಪ್ಲಿ ಕಾಲಿಂದ ಬಿದ್ದು ಹೋದ್ರೂ ನಿಮ್ಗೆ ಗೊತ್ತಾಗೂದಿಲ್ಲ.”

“ಚಳಿಗೆ ಆಸ್ಪತ್ರೆ ಎಂತಕ್ಕೆ? ಕಾಲು ನಂದಾ ನಿಂದಾ?”

ಪಾತ್ರೆ ಜೋರಾಗಿ ಇಟ್ಟಳು. ಅದೂ ಉತ್ತರವೇ.

೧೦ ಡಿಸೆಂಬರ್, ಮಂಗಳವಾರ

ಭಟ್ಕಳಕ್ಕೆ ಹೋಗಿ ಬಂದೆ. ಪೇಟೆಯ ಓಣಿಯಲ್ಲಿ ಅತ್ತರು, ಸಾಬೂನು, ಕಂಬಳಿ, ಗಡಿಯಾರಗಳ ನಡುವೆ ಮೋಹಿದ್ದೀನ್ ಸಾಯ್ಬರ ಅಂಗಡಿ. ನಲವತ್ತರ ಆಸುಪಾಸಿನ ಮನುಷ್ಯ, ಅಚ್ಚುಕಟ್ಟು ಗಡ್ಡ.

“ಬನ್ನಿ ಅಜ್ಜ” ಅಂದರು.

“ಅಜ್ಜ ಯಾರು? ನಂಗೆ ಅರವತ್ತೆರಡು. ಹೊಳೆಲಿ ನಿಮ್ಮಂಥವ್ರು ನಾಲ್ಕು ಜನನ್ನ ಎತ್ತಿ ದೋಣಿಗೆ ಹಾಕ್ತೆ.”

ನಕ್ಕರು. ಎರಡು ನಮೂನೆ ತೋರಿಸಿದರು. ಒಂದು ದಪ್ಪ ಉಣ್ಣೆಯದು. ಮೊಣಕಾಲಿನ ಕೆಳಗೆ ಒಂದು ಜೇಬು, ಅದಕ್ಕೊಂದು ದಪ್ಪ ಶೆಲ್ಲು. ಅಲ್ಲಿಂದ ತಂತಿ ಇಳಿದು ಬೆರಳ ಸುತ್ತ ಹರಡಿದೆ. ಇನ್ನೊಂದು ತೆಳ್ಳನೆಯದು, ಮೂರು ಸಣ್ಣ ಶೆಲ್ಲಿನ ಚಪ್ಪಟೆ ಡಬ್ಬಿ. ಡಬ್ಬಿಯದು ನೋಡಲು ಚೆಂದ, ಆದರೆ ಉಪ್ಪುಗಾಳಿಗೆ ಅದರ ಸ್ವಿಚ್ಚು ತಿಂಗಳು ಬಾಳುವುದಿಲ್ಲ. ದಪ್ಪ ಶೆಲ್ಲು ನಮ್ಮ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಮೊದಲನೆಯದನ್ನೇ ಹಿಡಿದೆ. ಪೆಟ್ಟಿಗೆಯ ಮೇಲೆ ಒಬ್ಬ ಬಿಳಿಯ ಮನುಷ್ಯ, ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಗಾಳ ಹಾಕಿ ಕೂತಿದ್ದಾನೆ. ಅವನೂ ನಮ್ಮ ಜಾತಿಯವನೇ ಅನ್ನಿಸಿತು.

ಸಾಯ್ಬರು ಹೇಳಿದ ಕ್ರಮ ಮರೆಯದಂತೆ ಬರೆದಿಡುತ್ತೇನೆ. ತೊಳೆಯುವಾಗ ಶೆಲ್ಲು ತೆಗೆಯಬೇಕು. ಕೈಯಲ್ಲೇ ತೊಳೆಯಬೇಕು, ಹಿಂಡಬಾರದು, ತಂತಿ ತುಂಡಾಗುತ್ತದೆ. ನೆರಳಲ್ಲಿ ಒಣಗಿಸಬೇಕು. ಮಡಚಬಾರದು, ಸುತ್ತಿ ಇಡಬೇಕು. ಹಾಕಿಕೊಂಡು ಮಲಗಬಾರದು.

“ಮತ್ತೆ, ಹಾಕೋ ಮೊದ್ಲು ಕೈ ಒಳಗೆ ಹಾಕಿ ಬಿಸಿ ಎಷ್ಟಿದೆ ನೋಡ್ಬೇಕು.”

“ಕೈಯಾ?” ಅಂದೆ. “ನಮ್ದು ಕಾಲಿನ ಕಸುಬು ಸಾಯ್ಬ್ರೆ. ನನ್ನ ಕಾಲಿಗೆ ಗೊತ್ತಾಗ್ದೆ ಇದ್ದದ್ದು ಕೈಗೆ ಎಂತ ಗೊತ್ತಾಗ್ತದೆ?”

೧೮ ಡಿಸೆಂಬರ್, ಬುಧವಾರ

ಹುಣ್ಣಿಮೆ ಹತ್ತಿರ. ಇಳಿತ ಐದಕ್ಕೆ.

ಮೊದಲ ಸಲ ಹಾಕಿದೆ. ದೋಣಿಯ ತಳದ ನೀರು ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ನಾಗಿ ಲಾಟೀನು ಎತ್ತಿ ನೋಡಿ, “ಮದುಮಗ ಹೊರಟ” ಅಂದಳು. ಅಣ್ಣಪ್ಪ ದೋಣಿಯಲ್ಲಿ ಹಾದಿಯುದ್ದಕ್ಕೂ ಕೇಳಿದ, “ಬಿಸಿ ಆತಾ? ಈಗ ಆತಾ?”

ಎಂತ ಬಿಸಿ. ಅರ್ಧ ಗಂಟೆ ಕೂತರೂ ಕಾಲು ಮೊದಲಿನಷ್ಟೇ ತಣ್ಣಗೆ. ಕಾಲುಚೀಲ ಕಳಚಿ ನೀರಿಗಿಳಿದೆ. ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ. ಮುಳುಗಿ ಕೈಯಲ್ಲಿ ತೆಗೆದೆ, ಕಲಿಯಲು ಬಂದವರ ಹಾಗೆ.

ಶೆಲ್ಲು ಹಳತು ಕೊಟ್ಟಿರಬೇಕು. ನಾಳೆ ಹೊಸತು ಹಾಕುತ್ತೇನೆ. ಬಂದ ಮೇಲೆ ಕಾಲುಚೀಲ ತಿರುಗಿಸಿ, ಸಿಹಿನೀರಲ್ಲಿ ಅದ್ದಿ, ಒತ್ತಿ ನೀರು ತೆಗೆದು, ಮಾಡಿನ ಕೆಳಗೆ ನೆರಳಿಗೆ ಹಾಕಿದೆ. ನಾಗಿ ಅದನ್ನು ಒಲೆಯ ಮೇಲಿನ ಹಗ್ಗಕ್ಕೆ, ಒಣಮೀನಿನ ಪಕ್ಕಕ್ಕೆ, ಹಾಕಲು ಹೋದಳು. ಕೂಗಿ ಬೈದೆ. ಒಣಗಿದ ಮೇಲೆ ಶೆಲ್ಲು ಕೂರುವ ತಗಡನ್ನು ಬಟ್ಟೆಯಿಂದ ಒರೆಸಿ, ಚೀಲವನ್ನು ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟೆ.

೨೧ ಡಿಸೆಂಬರ್, ಶನಿವಾರ

ಹೊಸ ಶೆಲ್ಲು ಹಾಕಿ ಮೂರು ದಿನ ನೋಡಿದೆ. ತಣ್ಣಗೇ. ಕುಮಟೆಗೆ ಹೋಗಿ ರೇಡಿಯೋ ರಿಪೇರಿ ಸಂತೋಷನ ಮುಂದೆ ಇಟ್ಟೆ. ಮೀಟರು ಹಿಡಿದು ನೋಡಿದ.

“ಸರಿ ಉಂಟಲ್ಲ ಬೀರಣ್ಣ. ಕರೆಂಟು ಹರೀತದೆ.”

“ಹರಿದ್ರೆ ಬಿಸಿ ಎಲ್ಲಿ? ಬ್ಯಾಟರಿ ಲೈಟಿಗೆ ಎರಡು ಶೆಲ್ಲು ಹಾಕ್ತ್ರು, ಇದ್ಕೆ ಒಂದೇ. ಎರಡು ಮಾಡಿ ಕೊಡು.”

ಪೆಟ್ಟಿಗೆಯೊಳಗಿನ ಚೀಟಿ ತೆಗೆದು ಓದಿದ. ಇಂಗ್ಲಿಷು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದ. ಒಂದೇ ಶೆಲ್ಲು ಹಾಕಬೇಕಂತೆ. ಕೈಯಿಂದ ಮುಟ್ಟಿ ನೋಡಬೇಕಂತೆ. ಕಾಲಿಗೆ ಸ್ಪರ್ಶ ಕಡಿಮೆ ಇದ್ದವರು, ಸಕ್ಕರೆ ಕಾಯಿಲೆಯವರು ಹಾಕಲೇಬಾರದಂತೆ.

“ನಿಮ್ಗೆ ಸಕ್ರೆ ಕಾಯ್ಲೆ ಇಲ್ವಲ್ಲ?”

“ನಾ ಚಾಕ್ಕೂ ಸಕ್ರೆ ಹಾಕೂದಿಲ್ಲ, ಬೆಲ್ಲ ಕಚ್ಚಿ ಕುಡಿತೆ. ನಂಗೆ ಎಲ್ಲಿಂದ ಬತ್ತದೆ?”

ಗೊಣಗುತ್ತಲೇ ಜೇಬು ಹಿಗ್ಗಿಸಿ ಎರಡು ಶೆಲ್ಲು ಕೂರುವಂತೆ ಮಾಡಿಕೊಟ್ಟ. “ಸುಟ್ರೆ ನನ್ನ ಹೇಳ್ಬೇಡಿ” ಅಂದ. ಸುಡುವುದಂತೆ! ಬೆಚ್ಚಗಾದರೆ ಸಾಕು ಮಾರಾಯ.

೨೩ ಡಿಸೆಂಬರ್, ಸೋಮವಾರ

ಎರಡು ಶೆಲ್ಲು ಹಾಕಿದರೂ ಅಷ್ಟೆ. ನಿನ್ನೆ, ಇವತ್ತು ಎರಡು ದಿನವೂ ಹಾಕಿ ಕೂತೆ. ಬಲಗಾಲಿನ ಚೀಲದೊಳಗೆ ಒದ್ದೆ, ಅಂಟು ಅಂಟು. ಒಂದು ನಮೂನೆ ವಾಸನೆ ಬೇರೆ. ನಾಗಿ ನಾನಿಲ್ಲದಾಗ ಸರಿಯಾಗಿ ಒಣಗದ್ದನ್ನೇ ಸುತ್ತಿಟ್ಟಿರಬೇಕು. ಕೇಳಿದರೆ ಮುಟ್ಟಲೇ ಇಲ್ಲ ಎನ್ನುತ್ತಾಳೆ. ಸುಳ್ಳಿ.

ಬುಟ್ಟಿಯಲ್ಲಿ ಮಣ್ಣುಚಿಪ್ಪು ಇನ್ನೂ ಹೆಚ್ಚು. ಅಣ್ಣಪ್ಪ ಇವತ್ತು ನಗಲಿಲ್ಲ. ಸುಮ್ಮನೆ ನನ್ನ ಬುಟ್ಟಿಯಿಂದ ಆರಿಸಿ ಆರಿಸಿ ಹೊಳೆಗೆ ಎಸೆದ. ಅದು ನಕ್ಕದ್ದಕ್ಕಿಂತ ಹೆಚ್ಚಾಯಿತು.

ಆ ಸಾಯ್ಬ ನನಗೆ ಸತ್ತ ಮಾಲು ಕೊಟ್ಟಿದ್ದಾನೆ. ನಾಳೆ ಭಟ್ಕಳ. ಚೀಲ ಕಾಲಿಗೆ ಹಾಕಿ, ಸ್ವಿಚ್ ಒತ್ತಿಯೇ ಬಸ್ಸು ಹತ್ತುತ್ತೇನೆ. ಅವನ ಅಂಗಡಿಯಲ್ಲಿ ಹತ್ತು ಗಿರಾಕಿಗಳ ಎದುರಿಗೆ ತೋರಿಸುತ್ತೇನೆ.

೨೪ ಡಿಸೆಂಬರ್, ಮಂಗಳವಾರ

ಕುಮಟೆ ಆಸ್ಪತ್ರೆ. ಬರೆಯಲಾಗುವುದಿಲ್ಲ.

೨೬ ಡಿಸೆಂಬರ್, ಗುರುವಾರ

ಆದದ್ದು ಆದ ಹಾಗೆ ಬರೆಯುತ್ತೇನೆ. ಇನ್ನೂ ನಂಬಲಾಗುತ್ತಿಲ್ಲ. ಬರೆದರೆ ನಂಬಿಕೆ ಬರಬಹುದು.

ಒಂದೂವರೆ ತಾಸು ಬಸ್ಸಿನಲ್ಲಿ ಕೂತೆ. ಹೊನ್ನಾವರ ದಾಟಿದ ಮೇಲೆ ಪಕ್ಕದವನು ಮೂಗು ಮುಚ್ಚಿಕೊಂಡು, “ಎಂತದೋ ಸುಟ್ಟ ವಾಸನೆ” ಅಂದ. “ಬಸ್ಸಿಂದು” ಅಂದೆ ನಾನು. ಹಾಗಂದವನು ನಾನೇ.

ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಹೊಸ್ತಿಲಿಂದಲೇ ಶುರು ಮಾಡಿದೆ. “ಸಾಯ್ಬ್ರೆ, ಬಡವನ್ನ ಹಾಳು ಮಾಡಿ ಎಷ್ಟು ಮಹಡಿ ಕಟ್ತ್ರಿ? ಕುಮಟೆಯಿಂದ ಸ್ವಿಚ್ ಒತ್ಕಂಡೇ ಬಂದೆ. ಮುಟ್ಟಿ ನೋಡಿ. ಹೆಣದ ಹಂಗೆ ತಣ್ಣಗಿದೆ!”

“ಕೂತ್ಕೊಳ್ಳಿ ಅಜ್ಜ. ನೋಡ್ವ” ಎಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಬಗ್ಗಿ, ಚೀಲದ ಬಾಯಿಯಿಂದ ಬೆರಳ ಕಡೆಗೆ ಕೈ ತೂರಿಸಿದರು. ಹಾವು ಕಚ್ಚಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು.

“ಯಾ ಅಲ್ಲಾ! ಇದು ಸುಡ್ತದಲ್ಲ!”

ನಾಟಕ ಅಂದುಕೊಂಡೆ. ಹಾಗೆಂದು ಹೇಳಿಯೂ ಹೇಳಿದೆ. ಸಾಬೂನು ಕೊಳ್ಳಲು ಬಂದ ಒಬ್ಬ ಹೆಂಗಸು, ನಮ್ಮ ಕಡೆಯವಳೇ, ಮುರ್ಡೇಶ್ವರದವಳಂತೆ, ಮೇಲಿನಿಂದ ಎರಡು ಬೆರಳು ತಾಗಿಸಿ, “ಅಯ್ಯಬ್ಬ” ಎಂದು ಬೆರಳು ಬಾಯಿಗಿಟ್ಟುಕೊಂಡಳು. ಅವಳು ನಾಟಕ ಮಾಡುವುದು ಯಾತಕ್ಕೆ?

ಸಾಯ್ಬರು ಶೆಲ್ಲು ಕಿತ್ತೆಸೆದರು. ಚೀಲವನ್ನು ಮೆಲ್ಲಗೆ ಕೆಳಗೆ ಸುರುಳಿ ಮಾಡಿದರು. ಹೆಬ್ಬೆರಳ ಹತ್ತಿರ ಬಂದಾಗ ಅದು ಬರಲಿಲ್ಲ. ಸ್ವಲ್ಪ ಜಗ್ಗಿದರು. ಬಂತು. ಚೀಲದ ಜೊತೆ ನನ್ನ ಚರ್ಮವೂ ಬಂತು.

ಹೆಂಗಸು ಹೊರಗೆ ಓಡಿದಳು. ಹೆಬ್ಬೆರಳು ಕಪ್ಪು. ಅದರ ಬುಡ ಬೆಂದ ಮೀನಿನ ಹಾಗೆ ಬಿಳಿ. ಪಾದದ ಅಡಿಯಲ್ಲಿ ಒಡೆದ ಬೊಬ್ಬೆ, ಹಳೆಯದು, ಕೀವು. ಎರಡು ದಿನದ ಆ ಒದ್ದೆ ನಾಗಿ ಮಾಡಿದ್ದಲ್ಲ, ನನ್ನದೇ.

ಸಾಯ್ಬರು ಮುಖ ಮೇಲೆತ್ತಿ ಕೇಳಿದರು, “ಅಜ್ಜ, ನಿಮ್ಗೆ ನೋವಾಗೂದಿಲ್ವಾ?”

“ಎಂತ ನೋವು?” ಅಂದೆ.

ನಾನು ಆ ಕಾಲನ್ನು ನೋಡಿದೆ. ಯಾರೋ ತಮ್ಮ ಕಾಲನ್ನು ನನ್ನ ಮೊಣಕಾಲಿನ ಕೆಳಗೆ ಇಟ್ಟು ಹೋದ ಹಾಗಿತ್ತು. ಬೆರಳಿನಿಂದ ಒತ್ತಿದೆ. ಬೆರಳಿಗೆ ಕಾಲು ತಿಳಿಯಿತು. ಕಾಲಿಗೆ ಬೆರಳು ತಿಳಿಯಲಿಲ್ಲ. ಆಗ ಹೆದರಿದೆ. ಹೊಳೆಯಲ್ಲಿ ಎರಡು ಸಲ ದೋಣಿ ಮಗುಚಿದೆ, ಆಗಲೂ ಅಷ್ಟು ಹೆದರಿರಲಿಲ್ಲ.

ಸಾಯ್ಬರು ಅಂಗಡಿ ಪಕ್ಕದವರಿಗೆ ಒಪ್ಪಿಸಿ, ಕಾಲಿಗೆ ಹೊಸ ಬಿಳಿ ಟವೆಲ್ಲು ಸುತ್ತಿ, ತಮ್ಮ ಕಾರಿನಲ್ಲಿ ಕುಮಟೆಗೆ ತಂದರು. ನಾನು ಅವರಿಗೆ ಅಂದ ಮಾತು ಹಾದಿಯುದ್ದಕ್ಕೂ ನನ್ನ ಕಿವಿಯಲ್ಲೇ ಇತ್ತು. ಮಹಡಿಯ ಮಾತು. ಅವರು ಒಂದೇ ಒಂದು ಸಲ ಬಾಯಿಬಿಟ್ಟರು. “ನಾನು ಕೊಡ್ಬಾರ್ದಿತ್ತು. ಕಾಲು ತಣ್ಣಗೆ ಯಾಕೆ ಅಂತ ಕೇಳ್ಬೇಕಿತ್ತು.”

ನಾನು ಕಿಟಕಿಯ ಹೊರಗೆ ನೋಡಿದೆ.

೨೭ ಡಿಸೆಂಬರ್, ಶುಕ್ರವಾರ

ಡಾಕ್ಟರಮ್ಮ ಸಣ್ಣ ಪ್ರಾಯದವರು, ಮಾತು ಕಡಿಮೆ. ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು, ಬಂದು ಏಳೆಂಟು ವರ್ಷವಾದರೂ ಆಗಿರಬೇಕಂತೆ. ಬೆಲ್ಲದ ಮಾತು ಹೇಳಿದೆ. ಅವರು ನಗಲೂ ಇಲ್ಲ.

“ಕಣ್ಣು ಮುಚ್ಚಿ. ಕಾಲಿಗೆ ಪಿನ್ನು ತಾಗಿಸ್ತೇನೆ. ತಾಗಿದ ಕೂಡಲೇ ಹೂಂ ಅನ್ನಿ.”

ಕಣ್ಣು ಮುಚ್ಚಿದೆ. ಕಾದೆ. ಹೊರಗೆ ಯಾರೋ ಬಕೆಟ್ಟು ಎಳೆಯುತ್ತಿದ್ದರು. ಪಕ್ಕದ ಹಾಸಿಗೆಯವನು ಕೆಮ್ಮಿದ. ಇನ್ನೂ ಕಾದೆ. ಸಿಟ್ಟು ಬಂತು.

“ಶುರು ಮಾಡಿ ಡಾಕ್ಟ್ರಮ್ಮ. ಎಷ್ಟು ಹೊತ್ತು ಕಣ್ಣು ಮುಚ್ಚೂದು?”

“ಮುಗೀತು” ಅಂದರು.

ಕಣ್ಣು ಬಿಟ್ಟರೆ ನಾಗಿ ಹಾಸಿಗೆಯ ಬುಡದಲ್ಲಿ ನಿಂತಿದ್ದಾಳೆ, ಸೆರಗು ಬಾಯಿಗೆ ತುರುಕಿಕೊಂಡು. ಅವಳು ಎಲ್ಲಾ ನೋಡಿದ್ದಾಳೆ. ಹದಿನೈದು ಸಲವಂತೆ. ಎರಡೂ ಕಾಲಿಗೆ.

“ಡಾಕ್ಟ್ರಮ್ಮ, ಚಳಿಗೆ ಮರಗಟ್ಟಿದ್ದಲ್ವಾ?”

“ಚಳಿ ಎಲ್ಲಿದೆ? ಎಡಗಾಲು ಮುಟ್ಟಿ ನೋಡಿ.”

ನಾನು ಮುಟ್ಟುವ ಮೊದಲೇ ನಾಗಿ ಮುಟ್ಟಿದಳು. ನನ್ನ ಕಡೆ ನೋಡಿದಳು. “ಬೆಚ್ಚಗಿದೆ” ಅಂದಳು. “ಮೊದ್ಲಿಂದ್ಲೂ ಬೆಚ್ಚಗೇ ಇತ್ತು. ನಾ ಹೇಳೂಕೆ ಬಂದ್ರೆ ನೀವು ಎಲ್ಲಿ ಕೇಳ್ತ್ರಿ.”

ನರ ಸಾಯುವಾಗ ಹಾಗೆ ಸುಳ್ಳು ಹೇಳುತ್ತದಂತೆ, ತಣ್ಣಗಿದೆ ಎಂದು. ಎರಡು ವರ್ಷ ನಾನು ಇಲ್ಲದ ಚಳಿಗೆ ಬೆಂಕಿ ಹುಡುಕಿದೆ.

೩ ಜನವರಿ ೨೦೦೩, ಶುಕ್ರವಾರ

ಹೊಸ ವರ್ಷದ ಡೈರಿ ಇಲ್ಲ. ಇದರಲ್ಲೇ ಹಿಂದಿನ ಖಾಲಿ ಹಾಳೆಗಳಿವೆ.

ಹೆಬ್ಬೆರಳು ತೆಗೆಯಬೇಕು ಎನ್ನುತ್ತಾರೆ. ಇಲ್ಲದಿದ್ದರೆ ಪಾದ, ಆಮೇಲೆ ಮೊಣಕಾಲು. ನಾಲ್ಕು ದಿನದಿಂದ ಆಗುವುದಿಲ್ಲ ಅನ್ನುತ್ತಿದ್ದೆ. ಬೇರೆ ಯಾವ ಬೆರಳನ್ನಾದರೂ ಕೇಳಲಿ, ಕೊಡುತ್ತೇನೆ. ಅದು ನನ್ನ ಅನ್ನದ ಬೆರಳು.

ಮಧ್ಯಾಹ್ನ ನಾಗಿ ಗಂಜಿ ತಂದವಳು ತಟ್ಟೆ ಕೊಡದೆ ನಿಂತಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದಳು:

“ಅನ್ನದ ಬೆರಳಂತೆ! ಆ ಕಾಲುಚೀಲನ್ನ ದಿನಾ ತಿರುಗ್ಸಿ ನೋಡಿದ್ರಿ, ತೊಳೆದ್ರಿ, ಒರೆಸಿದ್ರಿ, ಡಬ್ಬಿಲಿ ಇಟ್ರಿ. ಕಾಲನ್ನ ಒಂದು ದಿನ ತಿರುಗ್ಸಿ ನೋಡೂಕೆ ಆಗಲಿಲ್ಲಾ? ಈಗ ಕೊಡೂಕಾಗೂದಿಲ್ವಂತೆ. ಕೊಡ್ಬೇಡಿ. ಪೂರ್ತಿ ಕಾಲು ಕೊಡಿ. ಆಮೇಲೆ ನಾ ಹೊತ್ಕಂಡು ತಿರುಗ್ತೆ.”

ಪಕ್ಕದ ಹಾಸಿಗೆಯವನು ಗೋಡೆ ಕಡೆ ತಿರುಗಿದ.

ಕಾಗದಕ್ಕೆ ಸಹಿ ಹಾಕಿದೆ.

೫ ಜನವರಿ, ರವಿವಾರ

ಹೋಯಿತು.

ಕೊಯ್ಯುವಾಗಲೂ ನೋವಿರಲಿಲ್ಲ, ಕೊಯ್ದ ಮೇಲೂ ಇಲ್ಲ. ಪಕ್ಕದವನು, “ಪುಣ್ಯವಂತ ನೀನು” ಅಂದ. ಅವನಿಗೆ ಏನು ಗೊತ್ತು.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಮನೆಗೆ ಬಂದು ಎರಡು ದಿನ. ಎಳ್ಳು ಇದೆ, ಬೆಲ್ಲ ಇಲ್ಲ, ನಾಗಿ ಮುಚ್ಚಿಟ್ಟಿದ್ದಾಳೆ.

ಡಾಕ್ಟರಮ್ಮ ನಾಗಿಗೆ ಹೇಳಿಕೊಟ್ಟಿದ್ದಾರೆ. ದಿನಾ ಬೆಳಕಿದ್ದಾಗಲೇ ಪಾದ, ಬೆರಳ ಸಂದು, ಹಿಮ್ಮಡಿ ಎಲ್ಲಾ ನೋಡಬೇಕು. ನೀರು ಬಿಸಿ ಇದೆಯೋ ಎಂದು ಕೈಯಿಂದ ನೋಡಬೇಕು, ನನ್ನ ಕಾಲಿಂದ ಅಲ್ಲ. ಬರಿಗಾಲಲ್ಲಿ ನಡೆಯಬಾರದು, ಮನೆಯೊಳಗೂ. ಕೆಸರಿಗೆ ಇಳಿಯಬಾರದು, ಎಂದಿಗೂ. “ಸ್ಪರ್ಶ ವಾಪಸು ಬತ್ತದಾ?” ಎಂದು ಕೇಳಿದ್ದೆ. ಇಲ್ಲ ಅಂದರು. ಹೌದು ಎಂಬ ಸುಳ್ಳಾದರೂ ಹೇಳಬಹುದಿತ್ತು.

ಮೊದಲ ದಿನ ನಾಗಿ ಕಾಲು ಹಿಡಿದಾಗ ಎಳೆದುಕೊಂಡೆ. “ಸುಮ್ನಿರಿ, ಕುರಿ ಕಾಲು ನೋಡಿದಂಗೆ ನೋಡಿ ಬಿಡ್ತೆ” ಅಂದಳು.

ಅಣ್ಣಪ್ಪ ಬಂದಿದ್ದ. ಒಂದೂ ತಮಾಷೆ ಮಾಡಲಿಲ್ಲ, ಹೂಂ, ಹೌದು, ಆತು ಎಂದು ಕೂತಿದ್ದ. ಕಡೆಗೆ ನನಗೇ ಸಿಟ್ಟು ಬಂತು. “ಬಾಯಿಗೆ ಎಂತ ಆಯ್ತಾ ನಿಂಗೆ? ಒಂಬತ್ತು ಬೆರಳಿನವ ಅಂತ ಕರೆ, ಎಂತಾರೂ ಅನ್ನು” ಅಂದೆ. ಅವನು ಎದ್ದು ಹೊರಗೆ ಹೋಗಿ ಮೂಗು ಸೀಟಿ ಬಂದ.

೨ ಫೆಬ್ರವರಿ, ರವಿವಾರ

ನಿನ್ನೆ ಅಮಾಸೆ. ಇಳಿತ ಆರಕ್ಕೆ.

ನನ್ನ ಬದಲು ನಾಗಿ ನೀರಿಗೆ ಇಳಿಯುತ್ತಿದ್ದಾಳೆ, ಎರಡು ವಾರವಾಯಿತು. ಇವತ್ತು ನಾನೂ ದೋಣಿಯಲ್ಲಿ ಹೋದೆ, ಬೂಟು ಹಾಕಿ, ಹಲಗೆಯ ಮೇಲೆ ಕೂತೆ. ಬುಟ್ಟಿ ಹಿಡಿದುಕೊಂಡಿರುವ ಕೆಲಸ. ನಾಗಿ ಎದೆಮಟ್ಟದಲ್ಲಿ ನಿಂತು ಕಣ್ಣು ಅರೆಮುಚ್ಚಿ ತಡಕುತ್ತಾಳೆ. ನಲವತ್ತು ವರ್ಷದಿಂದ ಅವಳ ಜೊತೆ ಬಾಳುತ್ತಿದ್ದೇನೆ, ಹಾಗೆ ನೋಡಿದ್ದು ಇದೇ ಮೊದಲು. ಅವಳ ಬುಟ್ಟಿಯಲ್ಲಿ ಮಣ್ಣುಚಿಪ್ಪು ಒಂದೂ ಇರಲಿಲ್ಲ.

ಬರುವಾಗ ದಿಣ್ಣೆ ಹತ್ತುವಲ್ಲಿ ಇನ್ನೊಂದು ಕಂಡೆ. ಅವಳು ಎಡಗಾಲಿನ ಹಿಮ್ಮಡಿ ಊರುವುದಿಲ್ಲ. ತುದಿಯಲ್ಲೇ ಹಾಕುತ್ತಾಳೆ.

“ಎಂತ ಆಯ್ತೆ ಕಾಲಿಗೆ?”

“ಎಂತದೂ ಇಲ್ಲ.”

ಎಂತದೂ ಇಲ್ಲ. ನಾನೂ ಎರಡು ವರ್ಷ ಅದನ್ನೇ ಹೇಳಿದವನು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯವನಿಗೂ ಅವನ ಹೆಂಡತಿಗೂ ಇಬ್ಬರಿಗೂ ಇದೇ ಕಾಯಿಲೆ ಇತ್ತು. ಅದು ನೆನಪಾಗಿ ಊಟ ಸೇರಲಿಲ್ಲ.

೯ ಫೆಬ್ರವರಿ, ರವಿವಾರ

ವಾರದಿಂದ ಕೇಳುತ್ತಿದ್ದೇನೆ, ಕಾಲು ತೋರಿಸು ಎಂದು. ಮಾತು ತಪ್ಪಿಸುತ್ತಾಳೆ. ಆಸ್ಪತ್ರೆಗೆ ಬಾ ಅಂದರೆ ಪೇಟೆಗೆ ಹೊತ್ತಾಯಿತು ಎನ್ನುತ್ತಾಳೆ. ಸಂಜೆ ನನ್ನ ಪಾದ ನೋಡಲು ಕೂತಾಗ, ಕೂರುವಾಗಲೂ ಏಳುವಾಗಲೂ ಗೋಡೆ ಹಿಡಿದಳು. ಬೈಯಬೇಕು ಅಂದುಕೊಂಡೆ. ಬೈದರೆ ಇನ್ನೂ ಮುಚ್ಚಿಡುತ್ತಾಳೆ. ನನಗೆ ಬೈಯದೆ ಕೇಳುವುದು ಹೇಗೆಂದು ಗೊತ್ತಿಲ್ಲ.

೧೮ ಫೆಬ್ರವರಿ, ಮಂಗಳವಾರ

ಇವತ್ತು ಮಧ್ಯಾಹ್ನ ಜಗಲಿಯಲ್ಲಿ ಅವಳು ನನ್ನ ಕಾಲು ನೋಡಿ ಮುಗಿಸಿದಳು. ಏಳುವಷ್ಟರಲ್ಲಿ ನಾನು ಅವಳ ಎಡ ಪಾದದ ಗಂಟು ಹಿಡಿದುಬಿಟ್ಟೆ.

“ಬಿಡಿ! ಎಂತ ಮಾಡ್ತ್ರಿ? ಯಾರಾರೂ ಕಂಡ್ರೆ!”

“ಕಾಣ್ಲಿ. ಕಾಲು ತಾ.”

“ಗಂಡನ ಕೈಲಿ ಕಾಲು ಹಿಡಿಸ್ಕಂಡ್ರೆ ನರಕಕ್ಕೆ ಹೋಗ್ತೆ ನಾನು.”

“ಇಬ್ರೂ ಒಟ್ಟಿಗೇ ಹೋಗ್ವಾ. ನಂಗೆ ಬೂಟು ಇದೆ, ನಿನ್ನ ಹೊತ್ಕಂಡು ನಡಿತೆ. ತಾ.”

ಅವಳಿಗೆ ನಗು ಬಂತು. ಆ ನಗುವಿನಲ್ಲಿ ಕಾಲು ಸಡಿಲ ಬಿಟ್ಟಳು. ತೊಡೆಯ ಮೇಲೆ ಇಟ್ಟುಕೊಂಡು ಬೆಳಕಿಗೆ ತಿರುಗಿಸಿದೆ.

ಹಿಮ್ಮಡಿಯ ದಪ್ಪ ಚರ್ಮದ ನಡುವೆ ಒಂದು ಬಿರುಕು. ಬಿರುಕಿನೊಳಗೆ ಬೂದುಬಣ್ಣದ ತುದಿ. ಬಂಡೆಗೆ ಅಂಟಿ ಬೆಳೆಯುವ ಕಲ್ವದ ಚಿಪ್ಪಿನ ಚೂರು, ಉಗುರಿನಷ್ಟು, ಒಳಗೇ ಕೂತು ಸುತ್ತ ಗಟ್ಟಿಯಾಗಿದೆ. ಕತ್ತಿಯಂಥ ಅಂಚಿನದು. ಅಷ್ಟು ದೊಡ್ಡದು ಕಾಲೊಳಗೆ ಇದ್ದೂ ಒಬ್ಬಳು ಹೊಳೆಗೆ ಇಳಿಯುತ್ತಾಳೆ, ಬುಟ್ಟಿ ಹೊತ್ತು ಪೇಟೆಗೆ ನಡೆಯುತ್ತಾಳೆ ಎಂದರೆ ಏನು ಅರ್ಥ? ಇವಳಿಗೂ ಸ್ಪರ್ಶ ಹೋಗಿದೆ. ನನ್ನ ಹಾಗೆಯೇ ಇವಳದ್ದೂ ಹೋಗಿದೆ. ದೇವರೇ, ಒಂದು ಮನೆಗೆ ಎರಡೆರಡು ಯಾಕೆ.

ಅವಳ ಮುಖ ನೋಡದೆ, ಆ ಚೂರಿನ ಮೇಲೆ ಕೈಯ ಹೆಬ್ಬೆರಳಿಟ್ಟು ಒತ್ತಿದೆ.

“ಅಯ್ಯಯ್ಯೋ ಸತ್ತೆ!”

ಒದ್ದಳು. ಎದೆಗೇ ಒದ್ದಳು. ಜಗಲಿಯಿಂದ ಹಿಂದಕ್ಕೆ ಅಂಗಳಕ್ಕೆ ಬಿದ್ದೆ. ಕೋಳಿಗಳು ಹಾರಿದವು.

“ನಿಮ್ಗೆ ತಲೆ ಸಮ ಇದ್ಯಾ? ಜೀವ ಹೋತು ನಂದು!” ಎಂದು ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಮರುಕ್ಷಣ ತಾನು ಮಾಡಿದ್ದು ನೆನಪಾಗಿ ಕೈ ಬಾಯಿಗೆ ಹೋಯಿತು. “ಅಯ್ಯೋ, ಬಿದ್ರಲ್ಲ! ಪೆಟ್ಟಾತಾ? ಕಾಲಿಗೆ ಎಂತಾರೂ ತಾಗ್ತಾ?”

ನಾನು ಬಿದ್ದಲ್ಲಿಯೇ ಕೂತು ಕೇಳಿದೆ, “ನೊಯ್ತದನೇ?”

“ನೊಯ್ದೆ ಎಂತ! ಶ್ರಾವಣದಿಂದ ನೊಯ್ತದೆ. ರಾತ್ರೆ ನಿದ್ದೆ ಇಲ್ಲ.”

“ಹೇಳಿದ್ದಿಲ್ಲ ಯಾಕೆ?”

“ಯಾರ ಹತ್ರ? ನಿಮ್ಮ ಹತ್ರ?”

ಶ್ರಾವಣದಲ್ಲಿ ನಾನು ಇವಳಿಗೆ, ಪೇಟೆಯಿಂದ ಬರಲು ಇಷ್ಟು ಹೊತ್ತು ಯಾಕೆ ಎಂದು ದಿನಾ ಕೂಗುತ್ತಿದ್ದೆ.

“ಇನ್ನೊಂದ್ಸಲ ಹೇಳೆ.”

“ಎಂತದು?”

“ನೊಯ್ತದೆ ಅಂತ.”

ಅವಳು ನನ್ನನ್ನು ನೋಡಿದಳು, ಬಿದ್ದದ್ದು ತಲೆಗೂ ತಾಗಿತೇನೋ ಎಂಬಂತೆ. ನಾನು ನಗುತ್ತಿದ್ದೆನಂತೆ, ಕಣ್ಣಲ್ಲಿ ನೀರೂ ಇತ್ತಂತೆ. ನನಗೆ ಗೊತ್ತಿಲ್ಲ. ಅವಳು ಹೇಳಿದ್ದು.

“ನೊಯ್ತದೆ ಮಾರಾಯ್ರೆ, ನೊಯ್ತದೆ. ಸಾಕಾ?”

ಸಾಕು ಅಂದೆ.

ನಾಳೆ ಮೊದಲ ಬಸ್ಸಿಗೆ ಇಬ್ಬರೂ ಆಸ್ಪತ್ರೆಗೆ. ಚೂರು ತೆಗೆಸಿ, ರಕ್ತವನ್ನೂ ನೋಡಿಸಬೇಕು. ಪೇಟೆಯ ನೆಪ ಹೇಳಿದಳು, ಬುಟ್ಟಿಯನ್ನು ಅಣ್ಣಪ್ಪನ ಮನೆಗೆ ಕಳಿಸಿಬಿಟ್ಟೆ.

ಅವಳು ಒದ್ದ ಜಾಗ, ಎದೆಯ ಎಡಬದಿ, ಬರೆಯುವಾಗಲೂ ನೋಯುತ್ತಿದೆ. ಎಣ್ಣೆ ಹಚ್ಚಲೇ ಎಂದು ಎರಡು ಸಲ ಬಂದು ಕೇಳಿದಳು. ಬೇಡ ಅಂದೆ. ಇರಲಿ.